ಗೋಡೆಯ ನೋಟಿಸ್ ಓದಲಾರದವರಿಗೆ

ಮಸ್ಕಿ ಹತ್ತಿರದ ನಮ್ಮೂರಲ್ಲಿ ಗ್ರಾಮಸಭೆಯ ನೋಟಿಸನ್ನು ಗೋಡೆಗೆ ಅಂಟಿಸಿದ್ದರು. ಓದು ಬಾರದ ನನ್ನ ನಾನಿಗೆ ಸಭೆ ಮುಗಿದ ಮೇಲೆ ವಿಷಯ ತಿಳಿಯಿತು. ವಸತಿ ಯೋಜನೆಗೆ ಫಲಾನುಭವಿಗಳನ್ನು ಆರಿಸುವುದು ಆ ಸಭೆಯಲ್ಲೇ!

ಇಂಥವರಿಗೇ ಸಮುದಾಯ ರೇಡಿಯೋ ಬೇಕು. ಹೈದರ್ ಅಲಿ ಹುಟ್ಟಿದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದಾಗ ಹಳ್ಳಿಯವರಿಗೆ ರೇಡಿಯೋ ಪರವಾನಗಿ ಸಿಗುತ್ತಿರಲಿಲ್ಲ. 2003ರಲ್ಲಿ ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಅವಕಾಶ ಸ್ವಯಂಸೇವಾ ಸಂಸ್ಥೆಗಳಿಗೂ ದೊರೆತದ್ದು 2006ರಲ್ಲಿ. ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ. ಸಭೆಯ ದಿನ, ಅರ್ಜಿ ಕೊಡುವ ಕ್ರಮ ಹೇಳಬಹುದು.

ಅಲೆ ತಲುಪುವುದು ಸುಮಾರು ಹತ್ತು ಕಿಲೋಮೀಟರ್. ಸಿಂಧನೂರಿನಲ್ಲಿ ಕೇಂದ್ರವಾದರೂ ಮಸ್ಕಿಗೆ, ಲಿಂಗಸುಗೂರಿಗೆ ಕೇಳಿಸದು. ಮೂರು ಕಡೆಯೂ ಬೇಕು. ಸದ್ಯಕ್ಕೆ ನಾನಿಗೆ ನೋಟಿಸ್ ಓದಿ ಹೇಳುವ ಕೆಲಸ ನನ್ನದು.