ದೋಣಿಯ ತಳಕ್ಕೆ ತಾಮ್ರದ ಬಣ್ಣ: ನಿರ್ವಹಣೆಯೂ ಲೆಕ್ಕವೂ

ಮಂಗಳೂರು, ಮಲ್ಪೆ, ಗಂಗೊಳ್ಳಿ ಮುಂತಾದ ಬಂದರುಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ಅವಧಿ. ದೋಣಿಗಳನ್ನು ದಡಕ್ಕೆಳೆದು ದುರಸ್ತಿ ಮಾಡಿಸುವುದಕ್ಕೂ ಇದೇ ಸಕಾಲ. ಈ ದುರಸ್ತಿಯಲ್ಲಿ ಬಹು ಮುಖ್ಯವಾದುದು ತಳಕ್ಕೆ ಬಳಿಯುವ ತಾಮ್ರಯುಕ್ತ ಆ್ಯಂಟಿಫೌಲಿಂಗ್ ಬಣ್ಣ.

ಸಮುದ್ರದ ನೀರಿನಲ್ಲಿ ನಿಂತ ತಳಕ್ಕೆ ಮೊದಲು ಲೋಳೆ, ಅನಂತರ ಪಾಚಿ, ಕಡೆಗೆ ಚಿಪ್ಪುಳ್ಳ ಜೀವಿಗಳು ಅಂಟಿಕೊಳ್ಳುತ್ತವೆ. ತಳ ಒರಟಾದಂತೆ ನೀರಿನ ಎಳೆತ ಹೆಚ್ಚಿ, ಅದೇ ವೇಗಕ್ಕೆ ಹೆಚ್ಚು ಡೀಸೆಲ್ ಬೇಕಾಗುತ್ತದೆ. ಬಣ್ಣದಲ್ಲಿರುವ ಕ್ಯೂಪ್ರಸ್ ಆಕ್ಸೈಡ್ ನಿಧಾನವಾಗಿ ಕರಗಿ ಈ ಜೀವಿಗಳು ನೆಲೆಯೂರದಂತೆ ತಡೆಯುತ್ತದೆ. ತಾಮ್ರವು ಕರಗಿ ಮುಗಿದ ಬಳಿಕ ಬಣ್ಣ ಉಳಿದಿದ್ದರೂ ಅದರ ಗುಣ ಉಳಿಯುವುದಿಲ್ಲ. ಆದುದರಿಂದ ಇದು ಒಮ್ಮೆ ಬಳಿದು ಮರೆಯುವ ವಸ್ತುವಲ್ಲ.

ಲೋಹದ ತಳವಾದರೆ ವಿಶೇಷ ಎಚ್ಚರ ಅಗತ್ಯ. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರವು ರಕ್ಷಿತವಾಯಿತಾದರೂ ತಾಮ್ರ ತಾಗಿದೆಡೆ ಕಬ್ಬಿಣದ ಮೊಳೆಗಳು ಸವೆದುಹೋದವು. ಉಪ್ಪುನೀರಿನಲ್ಲಿ ಎರಡು ಲೋಹಗಳು ಕೂಡಿದಾಗ ದುರ್ಬಲವಾದುದು ಕರಗುವುದೇ ಇದಕ್ಕೆ ಕಾರಣ. ಉಕ್ಕಿನ ತಳಕ್ಕೆ ಮೊದಲು ತುಕ್ಕುನಿರೋಧಕ ಎಪಾಕ್ಸಿ ಪ್ರೈಮರ್ ಬಳಿದು, ಅದರ ಮೇಲಷ್ಟೇ ತಾಮ್ರದ ಬಣ್ಣ ಬಳಿಯಬೇಕು. ಅಲ್ಯೂಮಿನಿಯಂ ತಳಕ್ಕೆ ತಾಮ್ರರಹಿತ ಬಣ್ಣವೇ ಕ್ಷೇಮ. ರಕ್ಷಣೆಗಾಗಿ ಜೋಡಿಸಿದ ಸತುವಿನ ತುಂಡುಗಳ ಮೇಲೆ ಯಾವ ಬಣ್ಣವನ್ನೂ ಬಳಿಯಕೂಡದು.

ಶುಚಿ ಮಾಡುವಾಗ ಗಟ್ಟಿಯಾಗಿ ಕೆರೆದರೆ ಕೊಳೆಯೊಡನೆ ತಾಮ್ರವೂ ಹೋಗುತ್ತದೆ. ಮೃದುವಾಗಿ ಉಜ್ಜುವುದು ಲೇಸು. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ವಿಷಕಾರಿ. ನೀರು ಹಾಕಿ, ಮುಖಕ್ಕೆ ರಕ್ಷಣೆ ಕಟ್ಟಿ ಉಜ್ಜಿಸಬೇಕು. ಕೆರೆದ ಚಕ್ಕೆಗಳು ನೀರಿಗೆ ಸೇರಬಾರದು. ತಯಾರಕರು ಸೂಚಿಸಿದ ಪದರದ ದಪ್ಪ, ಒಣಗುವ ಕಾಲ, ನೀರಿಗಿಳಿಸುವ ಗಡುವು ಇವುಗಳನ್ನು ಪಾಲಿಸತಕ್ಕದ್ದು.

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ, ದೋಣಿಯೊಂದು ಪ್ರತಿ ಯಾನಕ್ಕೆ 300 ಲೀಟರ್ ಡೀಸೆಲ್ ಬಳಸುತ್ತದೆ, ಕೊಳೆಯಿಂದ ಶೇ. 10 ಹೆಚ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. 20 ಯಾನಗಳಿಗೆ 600 ಲೀಟರ್ ವ್ಯರ್ಥ. ಲೀಟರಿಗೆ 90 ರೂ. ಹಿಡಿದರೆ 54,000 ರೂ. ಬಣ್ಣದ ಒಂದು ಪದರವನ್ನು ಉಳಿಸುವ ಮುನ್ನ ಮಾಲೀಕರು ಈ ಮೊತ್ತದೊಡನೆ ಅದರ ಬೆಲೆಯನ್ನು ಹೋಲಿಸಿ ನೋಡಬೇಕು.

ಪ್ರತಿವರ್ಷದ ಮರುಲೇಪನವು ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವಾದುದರಿಂದ ಆಯಾ ವರ್ಷದ ಲಾಭ-ನಷ್ಟ ಖಾತೆಗೆ ಸೇರುತ್ತದೆ. ಹೊಸ ದೋಣಿಯ ಮೊದಲ ಲೇಪನವಾದರೋ ದೋಣಿಯ ಬಂಡವಾಳ ಬೆಲೆಗೆ ಸೇರಿ ಸವಕಳಿಗೆ ಒಳಪಡುತ್ತದೆ. ತಾಜಾ ಮೀನಿನ ಮಾರಾಟಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಅದನ್ನಷ್ಟೇ ಮಾರುವ ಮಾಲೀಕರಿಗೆ ಬಣ್ಣದ ಮೇಲೆ ತೆತ್ತ ತೆರಿಗೆಯ ಹುಟ್ಟುವಳಿ ಜಮೆ ದೊರೆಯುವುದಿಲ್ಲ. ಅದನ್ನೂ ವೆಚ್ಚವೆಂದೇ ಎಣಿಸಬೇಕು.

ಕಿರಂಗೂರು, ಶ್ರೀರಂಗಪಟ್ಟಣದ ಬಣ್ಣದ ವರ್ತಕರಿಗೂ ಇಲ್ಲೊಂದು ಪಾಠವಿದೆ. ಸಮುದ್ರದ ಚಿಪ್ಪುಜೀವಿಗಳು ಕಾವೇರಿಯ ಸಿಹಿನೀರಿನಲ್ಲಿ ಬಾಳವು. ಕೃಷ್ಣರಾಜಸಾಗರದ ಹಿನ್ನೀರಿನ ದೋಣಿಗಾಗಲಿ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನ ದೋಣಿಗಾಗಲಿ ದುಬಾರಿಯಾದ ತಾಮ್ರದ ಬಣ್ಣ ಅನಗತ್ಯ. ಕರಗಿದ ತಾಮ್ರ ಮೀನುಗಳಿಗೆ ಹಾನಿಕರವೂ ಹೌದು. ಇಲ್ಲಿ ಕಾಲಕಾಲಕ್ಕೆ ತೊಳೆದು ಸಾಧಾರಣ ಜಲನಿರೋಧಕ ಲೇಪನ ಮಾಡಿದರೆ ಸಾಕು. ಗ್ರಾಹಕನಿಗೆ ಬೇಡದ ಸರಕನ್ನು ಬೇಡವೆಂದು ತಿಳಿಸುವ ವರ್ತಕನ ಅಂಗಡಿಗೆ ಗ್ರಾಹಕ ಮರಳಿ ಬರುತ್ತಾನೆ.