ಪಟ್ಟಾ ನಂಬಿ ಬಂಡಿ ಹೂಡಬಹುದೆ?

ಅಥಣಿ ತಾಲೂಕಿನ ಅನಂತಪುರದಂಥ ಊರಿನಲ್ಲಿ ಒಕ್ಕಲಿಗನ ಗಾಡಿಗೆ ಬೀಳುವ ಕೆಲಸ ಒಂದೇ ಬಗೆಯದಲ್ಲ. ಬೇಸಗೆಯಲ್ಲಿ ದಾರಿಯೆಲ್ಲ ಹುಡಿಮಣ್ಣು; ಮಳೆ ಬಿದ್ದಿತೆಂದರೆ ಎರೆಹೊಲದ ಕೆಸರು ಗಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ; ಸುಗ್ಗಿಯಲ್ಲಿ ಹೊರೆಯ ಮೇಲೆ ಹೊರೆ. ಇಂಥ ಕಡೆಗೆ ತಂದ ಗಾಡಿಯಲ್ಲಿ ಎಂಜಿನ್ನಿನ ಶಕ್ತಿಯನ್ನು ಗಾಲಿಗೆ ಮುಟ್ಟಿಸುವುದು ಉಕ್ಕಿನ ಹಲ್ಲುಗಾಲಿಯಲ್ಲ, ಒಂದು ರಬ್ಬರಿನ ಪಟ್ಟಾ ಎಂದರೆ ಅನುಭವಿಗಳು ಮೂಗಿನ ಮೇಲೆ ಬೆರಳಿಡುತ್ತಾರೆ. ರಬ್ಬರು ಎಷ್ಟು ದಿನ ಬಾಳೀತು? ನಡುಹೊಲದಲ್ಲಿ ಕೈಕೊಟ್ಟರೆ ಗತಿಯೇನು? ಸಾಲ ಮಾಡಿ ಗಾಡಿ ಕೊಳ್ಳುವವನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಉತ್ತರ ಸಿಗಬೇಕಾದರೆ ಪಟ್ಟಾ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು.

ಪಟ್ಟಾ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಕಾಲದ ಕಾರಖಾನೆಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ ಎಂಜಿನ್ನು, ಮೇಲೆ ಉದ್ದಕ್ಕೂ ತಿರುಗುವ ಒಂದು ಕಬ್ಬಿಣದ ದಂಡ, ಅದರಿಂದ ಒಂದೊಂದು ಯಂತ್ರಕ್ಕೂ ಇಳಿದುಬಂದ ಚರ್ಮದ ಪಟ್ಟಾ. ಎಣ್ಣೆಯ ಎಂಜಿನ್ನು ಹಳ್ಳಿಗೆ ಬಂದ ಮೇಲೆ ಹಿಟ್ಟಿನ ಗಿರಣಿಯೂ ಕಬ್ಬಿನ ಗಾಣವೂ ನೀರಿನ ಪಂಪೂ ಇದೇ ರೀತಿ ತಿರುಗಿದುವು. ಗಿರಣಿಯ ಪಟ್ಟಾ ವರ್ಷಗಟ್ಟಲೆ ಬಾಳುವುದನ್ನು ಕಂಡವರು ಪಟ್ಟಾ ಎಂದ ಮಾತ್ರಕ್ಕೆ ಅದು ದುರ್ಬಲವೆನ್ನಲಾರರು.

ಪಟ್ಟಾದ ಬಲವೆಲ್ಲ ಹಿಡಿತದಲ್ಲಿದೆ. ಓಡುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಒಬ್ಬನೇ ಅದನ್ನು ಹಿಡಿದು ನಿಲ್ಲಿಸಬಲ್ಲನಷ್ಟೆ? ಸುತ್ತು ಹೆಚ್ಚಿದಂತೆ ಹಿಡಿತ ಹೇಗೆ ಬೆಳೆಯುತ್ತದೆಂಬ ಲೆಕ್ಕವನ್ನು ಹದಿನೆಂಟನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಹಾಕಿಕೊಟ್ಟನು. ಚಪ್ಪಟೆ ಪಟ್ಟಾ ಗಾಲಿಯನ್ನು ಅರ್ಧ ಸುತ್ತು ಅಪ್ಪಿದಾಗ, ಘರ್ಷಣೆಯ ಅಂಕ 0.3 ಎಂದಿಟ್ಟುಕೊಂಡರೆ, ಎಳೆಯುವ ಕಡೆಯ ಬಿಗಿತವು ಸಡಿಲ ಕಡೆಯ ಬಿಗಿತದ ಸುಮಾರು ಎರಡೂವರೆ ಪಟ್ಟಾಗುವವರೆಗೆ ಅದು ಜಾರುವುದಿಲ್ಲ. ಅದೇ ಪಟ್ಟಾವನ್ನು ಇಕ್ಕೆಲವೂ ಇಳಿಜಾರಾಗಿರುವಂತೆ ಮಾಡಿ, 38 ಡಿಗ್ರಿಯ ಗಾಡಿಯಲ್ಲಿ, ಎಂದರೆ ಗಾಲಿಯ ಅಂಚಿಗೆ ಕೊರೆದ ಬಾಯಗಲದ ಕಾಲುವೆಯಲ್ಲಿ, ಕೂರಿಸಿದರೆ ಲೆಕ್ಕದ ಮಟ್ಟಿಗೆ ಅದು ಹದಿನೆಂಟು ಪಟ್ಟಿನವರೆಗೆ ಏರುತ್ತದೆ. ಮರದ ಸೀಳಿನಲ್ಲಿ ಬೆಣೆ ಕಚ್ಚಿಕೊಳ್ಳುವಂತೆ ಅದು ಕಚ್ಚಿಕೊಳ್ಳುತ್ತದೆ. ಇದೇ ವಿ-ಪಟ್ಟಾ.

ಹಿಡಿತಕ್ಕೆ ಮೀರಿದ ಹೊರೆ ಬಿದ್ದಾಗ ಪಟ್ಟಾ ಜಾರುತ್ತದೆ. ಈ ಜಾರುವಿಕೆ ಒಂದು ಉಪಕಾರವೂ ಹೌದು, ಒಂದು ಅಪಾಯವೂ ಹೌದು. ಗಾಲಿ ಥಟ್ಟನೆ ಕಲ್ಲಿಗೆ ಸಿಕ್ಕಾಗ ಹಲ್ಲುಗಾಲಿಯಾದರೆ ಹಲ್ಲು ಮುರಿದೀತು. ಪಟ್ಟಾ ಒಂದು ಕ್ಷಣ ಜಾರಿ ಪೆಟ್ಟನ್ನು ತಾನು ನುಂಗುತ್ತದೆ. ಆದರೆ ಜಾರಿದಾಗ ಕಳೆದುಹೋದ ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ಬಿಸಿಯಾಗಿ ಅಲ್ಲಿಯೇ ಉಳಿಯುತ್ತದೆ. ಹತ್ತು ಅಶ್ವಶಕ್ತಿಯೆಂದರೆ ಸುಮಾರು 7,460 ವ್ಯಾಟು. ಅದರಲ್ಲಿ ಹತ್ತನೆಯ ಒಂದು ಪಾಲು ಪಟ್ಟಾದಲ್ಲಿ ವ್ಯಯವಾದರೂ ಮನೆಯ 750 ವ್ಯಾಟಿನ ಇಸ್ತ್ರಿ ಪೆಟ್ಟಿಗೆಯೊಂದನ್ನು ಮುಚ್ಚಿದ ಡಬ್ಬಿಯೊಳಗೆ ಉರಿಯಬಿಟ್ಟಂತೆ. ರಬ್ಬರು ಬಿಸಿಯನ್ನು ತಾಳದು. ಅದರ ಒಳಗಿನ ಉಷ್ಣತೆ ಹತ್ತು ಡಿಗ್ರಿ ಸೆಂಟಿಗ್ರೇಡ್ ಏರಿದಂತೆಲ್ಲ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ಈ ಕಸುಬಿನವರ ಸ್ಥೂಲವಾದ ಲೆಕ್ಕ. ಆದುದರಿಂದ ಪಟ್ಟಾ ಹರಿದುದು ಕೊನೆಯ ದಿನದ ಸಂಗತಿ. ಅದು ಕೆಟ್ಟುದು ಅದಕ್ಕಿಂತ ಬಹಳ ಮೊದಲು, ಬಿಸಿಯಲ್ಲಿ.

ಪಟ್ಟಾದ ಗಾಡಿ ನಮ್ಮ ಹೊಲಗಳಿಗೆ ಬಂದುದು ಪವರ್ ಟಿಲ್ಲರಿನ ರೂಪದಲ್ಲಿ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯು ಜಪಾನಿನ ಮಿತ್ಸುಬಿಷಿಯವರ ಸಹಕಾರದಿಂದ ಇವನ್ನು ತಯಾರಿಸಿತು. ಇಂಥ ಟಿಲ್ಲರುಗಳಲ್ಲಿ ಎಂಜಿನ್ನಿನಿಂದ ಕ್ಲಚ್ಚಿನವರೆಗೆ ಜೋಡಿ ಜೋಡಿಯಾಗಿ ವಿ-ಪಟ್ಟಾಗಳು. ಅಲ್ಲಿಂದ ಮುಂದೆ ಗೇರುಗಳು. ಪಟ್ಟಾಗಳ ಓಟ ಬಹಳ ಮಟ್ಟಿಗೆ ಒಂದೇ ಸಮನಾಗಿರುತ್ತದೆ. ನಿಧಾನವಾಗಿ ಎಳೆಯುವ ಭಾರದ ಕೆಲಸವನ್ನು ಗೇರುಗಳು ಹೊರುತ್ತವೆ. ಕೆಲಸ ಹೀಗೆ ಹಂಚಿಹೋಗಿರುವುದರಿಂದಲೇ ಅದು ಉಳುಮೆಗೂ ತಡೆದುಕೊಳ್ಳುತ್ತದೆ. ಒಂದು ಎಚ್ಚರ ಮಾತ್ರ ಬೇಕು: ಸಾಲಿನಲ್ಲಿ ಒಂದು ಪಟ್ಟಾ ಹರಿದರೆ ಅದೊಂದನ್ನೇ ಬದಲಿಸಬಾರದು. ಹಳೆಯವು ಹಿಗ್ಗಿರುತ್ತವೆ, ಹೊಸದರ ಮೇಲೆಯೇ ಹೊರೆಯೆಲ್ಲ ಬಿದ್ದು ಅದೂ ಬೇಗನೆ ಹಾಳಾಗುತ್ತದೆ. ಬದಲಿಸುವುದಾದರೆ ಇಡೀ ಸಾಲನ್ನೇ ಬದಲಿಸತಕ್ಕದ್ದು.

ಇನ್ನು ಗೇರೇ ಇಲ್ಲವೆಂದು ಹೇಳಲಾಗುವ ಗಾಡಿಗಳು. ಹಾಲೆಂಡಿನ ಡಾಫ್ ಕಂಪನಿ 1958ರಲ್ಲಿ ಪಟ್ಟಾದಿಂದ ಓಡುವ ಸಣ್ಣ ಕಾರನ್ನು ಹೊರತಂದಿತು. ನಮ್ಮ ದೇಶದಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಅದೇ ತತ್ತ್ವವನ್ನು ಮನೆಮನೆಗೆ ತಂದಿತು. ಇಂದು ಹೆಂಗಸರು ಗಂಡಸರೆನ್ನದೆ ಎಲ್ಲರೂ ಓಡಿಸುವ ಗೇರಿಲ್ಲದ ಸ್ಕೂಟರಿನ ಎಡಬದಿಯ ಪೆಟ್ಟಿಗೆಯೊಳಗೆ ಇರುವುದು ಇದೇ. ಅಲ್ಲಿ ಒಂದೊಂದು ಗಾಲಿಯೂ ಎದುರು ಬದುರಾಗಿ ಇಟ್ಟ ಎರಡು ತಟ್ಟೆಗಳಂತಿದೆ. ಎಂಜಿನ್ನು ವೇಗವಾಗಿ ತಿರುಗಿದಂತೆ ಒಳಗಿನ ಸಣ್ಣ ಉರುಳೆಗಳು ಹೊರಕ್ಕೆ ಸಿಡಿದು ತಟ್ಟೆಗಳನ್ನು ಹತ್ತಿರಕ್ಕೆ ನೂಕುತ್ತವೆ, ಪಟ್ಟಾ ಮೇಲಕ್ಕೇರುತ್ತದೆ. ಹಿಂದಿನ ತಟ್ಟೆಗಳು ಅದೇ ಹೊತ್ತಿಗೆ ಅಗಲುತ್ತವೆ. ಅಲ್ಲಿ ಪಟ್ಟಾ ಕೆಳಕ್ಕಿಳಿಯುತ್ತದೆ. ಹೀಗೆ ಗೇರು ತಾನೇ ತಾನಾಗಿ ಬದಲಾಗುತ್ತಾ ಹೋಗುತ್ತದೆ.

ಕಾಡುಮೇಡು, ಕೆಸರು, ಮರಳು ಎನ್ನದೆ ಓಡುವ ಎ.ಟಿ.ವಿ. ಎಂಬ ನಾಲ್ಕು ಗಾಲಿಯ ಗಾಡಿಗಳಲ್ಲಿ ಬಹುಪಾಲಿನವು ಈ ಏರ್ಪಾಟನ್ನೇ ಹೊಂದಿವೆ. ಅಮೆರಿಕದ ಪೊಲಾರಿಸ್ ಕಂಪನಿ 1985ರಲ್ಲಿಯೇ ಅಂಥ ಪಟ್ಟಾದ ಗಾಡಿಯನ್ನು ಮಾರುಕಟ್ಟೆಗೆ ತಂದಿತ್ತು. ಸ್ಕೂಟರಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಸ್ಕೂಟರಿನ ಹೊರೆ ಹಗುರ, ದಾರಿ ನುಣುಪು. ಎ.ಟಿ.ವಿ.ಯಾದರೋ ಟ್ರೇಲರು ಕಟ್ಟಿಕೊಂಡು ನಡೆಯುವ ವೇಗದಲ್ಲಿ ದಿಬ್ಬ ಹತ್ತಬೇಕು. ಆಗ ಎಂಜಿನ್ನಿನ ಕಡೆಯ ಪಟ್ಟಾ ತೀರ ಕೆಳಗೆ, ಅತಿ ಸಣ್ಣ ಸುತ್ತಿನಲ್ಲಿ ಕುಳಿತಿರುತ್ತದೆ. ಬಾಗುವುದು ಹೆಚ್ಚು, ಹಿಡಿಯುವ ಜಾಗ ಕಡಿಮೆ, ತಂಪುಗೊಳಿಸುವ ಗಾಳಿಯೂ ಕಡಿಮೆ. ಹಲವು ಗಾಡಿಗಳಲ್ಲಿ ಬೇರೆ ಕ್ಲಚ್ಚೇ ಇಲ್ಲದೆ ಪಟ್ಟಾವೇ ಕ್ಲಚ್ಚಿನ ಕೆಲಸವನ್ನೂ ಮಾಡುತ್ತದೆ. ಗಾಲಿ ಕೆಸರಿನಲ್ಲಿ ಹೂತಿರುವಾಗ ಸವಾರ ಎಕ್ಸಿಲರೇಟರನ್ನು ಒತ್ತಿಯೇ ಒತ್ತಿದನೆಂದರೆ, ನಿಂತ ಪಟ್ಟಾದ ಮೇಲೆ ತಟ್ಟೆಗಳು ಮಾತ್ರ ತಿರುಗಿ ಒಂದೇ ಜಾಗದಲ್ಲಿ ರಬ್ಬರು ಸುಟ್ಟು ತಗ್ಗು ಬೀಳುತ್ತದೆ. ಅನಂತರ ಆ ತಗ್ಗು ಪ್ರತಿ ಸುತ್ತಿಗೂ ‘ಧಡ್’ ಎನ್ನುತ್ತದೆ. ಯಮಹಾದಂಥ ಕೆಲವು ತಯಾರಕರು ಇದನ್ನು ತಪ್ಪಿಸಲು ಪಟ್ಟಾವನ್ನು ಸದಾ ಬಿಗಿಯಾಗಿಯೇ ಇಟ್ಟು, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚನ್ನು ಬೇರೆಯಾಗಿ ಅಳವಡಿಸಿದ್ದಾರೆ. 1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೋಲೆಕ್ ಎಂಬ ಮಹಿಳಾ ವಿಜ್ಞಾನಿ ಕಂಡುಹಿಡಿದ ಕೆವ್ಲಾರ್‌ನಂಥ ಬಿರುಸಿನ ನೂಲುಗಳು ಇಂದಿನ ಪಟ್ಟಾಗಳ ಹೊಟ್ಟೆಯಲ್ಲಿವೆ. ಅವು ಹರಿಯದಂತೆ ಕಾಯುತ್ತವೆ, ಸುಡದಂತಲ್ಲ.

ಪಟ್ಟಾದ ಬಾಳಿಕೆ ಹೀಗೆ ಬಹುಮಟ್ಟಿಗೆ ಯಜಮಾನನ ಕೈಯಲ್ಲಿದೆ. ಹೊರೆ ಕಟ್ಟಿದಾಗ, ದಿಬ್ಬ ಹತ್ತುವಾಗ, ಕೆಸರಿಗೆ ಇಳಿಯುವಾಗ ಗಾಡಿಯಲ್ಲಿ ‘ಲೋ’ ಎಂಬ ತಗ್ಗಿನ ಗೇರು ಇದ್ದರೆ ಅದನ್ನೇ ಹಾಕಬೇಕು. ಪಟ್ಟಾದ ಮೇಲಿನ ಭಾರ ಆಗ ಇಳಿಯುತ್ತದೆ. ಹೂತ ಗಾಡಿಯನ್ನು ಎಂಜಿನ್ನಿನ ಆರ್ಭಟದಿಂದ ಎತ್ತಲು ಹೋಗದೆ ಗಾಲಿಯ ಕೆಳಗೆ ಕಲ್ಲೋ ಕಬ್ಬಿನ ರವದಿಯೋ ಹಾಕಿ ಎತ್ತಬೇಕು. ಪಟ್ಟಾದ ಪೆಟ್ಟಿಗೆಗೆ ಗಾಳಿ ಬರುವ ಕೊಳವೆಯಲ್ಲಿ ಧೂಳು ಕಟ್ಟದಂತೆ ನೋಡಬೇಕು. ನೀರು ನುಗ್ಗಿದರೆ ಕೆಳಗಿನ ತಿರುಪು ಬಿಚ್ಚಿ ಬಸಿದು, ಹೊರೆಯಿಲ್ಲದೆ ಎಂಜಿನ್ನು ಓಡಿಸಿ ಒಣಗಿಸಬೇಕು. ಸುಟ್ಟ ರಬ್ಬರಿನ ವಾಸನೆ ಬಂದೊಡನೆ ನಿಲ್ಲಿಸಿ ಆರಲು ಬಿಡುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ.

ತೆರೆದ ವಿ-ಪಟ್ಟಾಗಳಿಗೆ ಇನ್ನೆರಡು ಮಾತು. ಎರಡೂ ಗಾಲಿಗಳ ಮುಖಕ್ಕೆ ಒಂದು ದಾರ ಎಳೆದು ಹಿಡಿದು ಅವು ಒಂದೇ ಸಾಲಿನಲ್ಲಿವೆಯೆ ಎಂದು ನೋಡಬೇಕು. ಪಟ್ಟಾ ಗಾಡಿಯ ತಳಕ್ಕೆ ತಾಕಿ ತಳ ಮಿರಿಮಿರಿ ಹೊಳೆಯುತ್ತಿದ್ದರೆ ಪಟ್ಟಾ ಅಥವಾ ಗಾಲಿ ಸವೆದಿದೆಯೆಂದು ತಿಳಿಯಬೇಕು. ಜಾರುವ ಪಟ್ಟಾಕ್ಕೆ ರಾಳ ಹಚ್ಚುವ ಹಳೆಯ ಗಿರಣಿಯ ವಾಡಿಕೆ ಇಲ್ಲಿ ಸಲ್ಲದು. ಅದು ಧೂಳನ್ನು ಹಿಡಿದಿಟ್ಟು, ಇದ್ದ ದೋಷವನ್ನು ಮುಚ್ಚುತ್ತದೆ.

ಯಂತ್ರದ ಬಾಳಿಗಿಂತ ಮನುಷ್ಯನ ಬಾಳು ದೊಡ್ಡದು. ಓಡುವ ಪಟ್ಟಾ ಗಾಲಿಯನ್ನು ಸೇರುವ ಮೂಲೆಯಲ್ಲಿ ಸೀರೆಯ ಸೆರಗು, ಧೋತರದ ಚುಂಗು, ಟವಲಿನ ತುದಿ, ಹುಡುಗಿಯ ಜಡೆ ಸಿಕ್ಕಿದರೆ ಬಿಡಿಸಿಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗದು. ರಿಪೇರಿಗೆ ಬಿಚ್ಚಿದ ತಗಡಿನ ಕವಚವನ್ನು ‘ನಾಳೆ ಹಾಕೋಣ’ ಎಂದು ಮೂಲೆಗಿಡುವ ಅಭ್ಯಾಸದಿಂದ ಕೈ ಕಳೆದುಕೊಳ್ಳುವವರಿದ್ದಾರೆ. ಎಂಜಿನ್ನು ಪೂರ್ತಿ ನಿಲ್ಲದೆ ಪಟ್ಟಾ ಮುಟ್ಟಬಾರದು. ಕವಚ ಹಾಕದೆ ಎಂಜಿನ್ನು ಹಚ್ಚಬಾರದು.

ಹಾಗಾದರೆ ಪಟ್ಟಾವನ್ನು ನಂಬಬಹುದೆ? ಹೊಲ ಸುತ್ತಿ ಬರಲು, ಮೇವು ಗೊಬ್ಬರ ಸಾಗಿಸಲು, ಔಷಧ ಸಿಂಪಡಿಸುವ ಪೀಪಾಯಿ ಒಯ್ಯಲು, ಏರಿಳಿತದ ಕಾಲುದಾರಿಯಲ್ಲಿ ಹೋಗಿಬರಲು ಧಾರಾಳವಾಗಿ ನಂಬಬಹುದು. ಓಡಿಸುವುದು ಸುಲಭ, ಪೆಟ್ಟು ತಾಳುವ ಗುಣವಿದೆ, ಹಾಳಾದರೆ ಗೇರುಪೆಟ್ಟಿಗೆಗಿಂತ ಕಡಿಮೆ ಖರ್ಚಿನಲ್ಲಿ ಬದಲಿಸಬಹುದು. ಆದರೆ ದಿನವಿಡೀ ನಿಧಾನವಾಗಿ ಭಾರ ಎಳೆಯುವ ಕೆಲಸ, ಉದಾಹರಣೆಗೆ ಕಬ್ಬು ತುಂಬಿದ ಟ್ರೇಲರನ್ನು ಹೊಲದಿಂದ ಉಗಾರದಂಥ ಊರಿನ ಸಕ್ಕರೆ ಕಾರಖಾನೆಗೆ ಮುಟ್ಟಿಸುವುದು, ಗೇರಿನ ಟ್ರ್ಯಾಕ್ಟರಿಗೇ ಸೇರಿದ್ದು. ಕೊಳ್ಳಹೋದವರು ಎಂಜಿನ್ನಿನ ಅಶ್ವಶಕ್ತಿಯನ್ನಷ್ಟೇ ಕೇಳಿ ಬರಬಾರದು. ತಗ್ಗಿನ ಗೇರು ಇದೆಯೆ, ಎಷ್ಟು ತೂಕ ಎಳೆಯಲು ಕಂಪನಿಯ ಕೈಪಿಡಿಯಲ್ಲಿ ಅನುಮತಿಯಿದೆ, ಪಟ್ಟಾ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೆ, ಅದನ್ನು ಬದಲಿಸುವ ಬಗೆಯನ್ನು ಅಲ್ಲಿಯೇ ತೋರಿಸಿಕೊಡುವರೆ ಎಂದು ವಿಚಾರಿಸಬೇಕು. ಗಾಡಿ ಮನೆಗೆ ಬಂದ ದಿನವೇ ಬದಲಿ ಪಟ್ಟಾ ಒಂದನ್ನೂ ಅದನ್ನು ಹಾಕುವ ಸಲಕರಣೆಯನ್ನೂ ಆಸನದ ಕೆಳಗೆ ಇಟ್ಟುಕೊಳ್ಳುವುದು ಜಾಣತನ.