ನಿಮಗಿದು ಗೊತ್ತೆ? ಒಂದೇ ತಂತ್ರಾಂಶ, ನೂರಾರು ಜಾಲತಾಣ

ಚಿಕ್ಕಬಳ್ಳಾಪುರ ಜಿಲ್ಲೆಯ ಅಧಿಕೃತ ಜಾಲತಾಣ ಒಂಟಿಯಲ್ಲ; ದೇಶದ ನೂರಾರು ಜಿಲ್ಲಾ ತಾಣಗಳಂತೆ ಅದೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) ‘ಎಸ್‌ಥ್ರೀವಾಸ್’ ಚೌಕಟ್ಟಿನಲ್ಲೇ ನಡೆಯುತ್ತದೆ. ಹೀಗೆ ಒಂದೇ ಬುಡಕ್ಕೆ ಹಲವು ತಾಣ ಕಟ್ಟಿದರೆ, ಒಂದಕ್ಕೆ ಕನ್ನ ಬಿದ್ದಾಗ ಎಲ್ಲವೂ ಹೋಗದೇ ಎಂಬ ಆಕ್ಷೇಪ ಸುಳ್ಳಲ್ಲ. ತಾಣ ಕಟ್ಟಲು ಬಳಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ 2010ರಿಂದ ಇರುವ ಬಹುತಾಣ ಸೌಲಭ್ಯವನ್ನೇ ನೋಡಿ: ಎಲ್ಲ ತಾಣಗಳ ಬಳಕೆದಾರರ ಪಟ್ಟಿ ಒಂದೇ, ಡೇಟಾಬೇಸೂ ಸಾಮಾನ್ಯವಾಗಿ ಒಂದೇ, ಒಂದು ದುರ್ಬಲ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ) ಸಾಕು, ಪಕ್ಕದ ತಾಣಕ್ಕೂ ದಾರಿಯಾಗುತ್ತದೆ. ಆದರೂ ಬಿಡಿ ತಾಣಗಳೇ ಹೆಚ್ಚು ಅಪಾಯಕಾರಿ ಎನ್ನಬೇಕು. ಕಟ್ಟಿಕೊಟ್ಟವರು ಹೋದ ಮೇಲೆ ಅವನ್ನು ಅಪ್‌ಡೇಟ್ ಮಾಡುವವರೇ ಇರುವುದಿಲ್ಲ. ಬಹುತಾಣದಲ್ಲಿ ಒಮ್ಮೆ ಮಾಡಿದರೆ ಎಲ್ಲಕ್ಕೂ ಆಯಿತು. ಪ್ಲಗಿನ್ ಹಾಕುವ ಅಧಿಕಾರವೂ ಎಲ್ಲ ತಾಣಗಳನ್ನು ನೋಡಿಕೊಳ್ಳುವ ಸೂಪರ್ ಅಡ್ಮಿನ್‌ಗೆ ಮಾತ್ರ. ಆ ಖಾತೆಗೆ ಪಾಸ್‌ವರ್ಡ್ ಜೊತೆ ಒಟಿಪಿಯೂ ಇರಲಿ. ಬಳಸದ ಪ್ಲಗಿನ್ ನಿಷ್ಕ್ರಿಯಗೊಳಿಸಿದರೆ ಸಾಲದು, ಕೋಡ್ ಸರ್ವರ್‌ನಲ್ಲಿ ಉಳಿದಿರುತ್ತದೆ, ಅಳಿಸಿಯೇ ಬಿಡಿ.